ಗಾಯ ಮಾಗಿದ ಮೇಲೂ ನೋವು ಯಾಕೆ ಉಳಿಯುತ್ತದೆ?

ನಮ್ಮ ಸೋದರತ್ತೆಗೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ಸರ್ಪಸುತ್ತು ಆಯಿತು. ಬೆನ್ನಿನ ಎಡಗಡೆಯಿಂದ ಪಕ್ಕೆಯವರೆಗೆ ಸಾಲಾಗಿ ನೀರುಗುಳ್ಳೆ. ಊರಲ್ಲಿ ಎಲ್ಲರೂ ಮಾಡುವ ಹಾಗೆ ಕೆಮ್ಮಣ್ಣು ಹಚ್ಚಿದರು. ಮೂರು ವಾರಕ್ಕೆ ಗುಳ್ಳೆ ಒಣಗಿ, ಹಕ್ಕಳೆ ಉದುರಿ, ತೆಳುವಾದ ಕಲೆ ಮಾತ್ರ ಉಳಿಯಿತು. ಇನ್ನೇನು, ವಾಸಿಯಾಯಿತು ಅಂದುಕೊಂಡೆವು.

ಆಗಿರಲಿಲ್ಲ. ನಾಲ್ಕು ತಿಂಗಳು ಕಳೆದರೂ ಅತ್ತೆಗೆ ರವಿಕೆ ತೊಡಲು ಆಗುತ್ತಿರಲಿಲ್ಲ. ಸೆರಗು ಪಕ್ಕೆಗೆ ತಾಗಿದರೆ ಕೆಂಡ ಇಟ್ಟ ಹಾಗೆ ಉರಿ. ಫ್ಯಾನ್ ಗಾಳಿ ಸೋಕಿದರೂ ನೋವು. ವಿಚಿತ್ರ ಅಂದರೆ, ಅದೇ ಜಾಗವನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದರೆ ಸ್ವಲ್ಪ ತಡೆದುಕೊಳ್ಳಬಹುದಿತ್ತು. ಹಗುರವಾಗಿ ಸವರಿದರೆ ಮಾತ್ರ ಪ್ರಾಣ ಹೋಗುವಂತಾಗುತ್ತಿತ್ತು. ತೋರಿಸಿದ ಕಡೆ ವೈದ್ಯರು ನೋಡಿ, ಚರ್ಮ ಪೂರ್ತಿ ಮಾಗಿದೆ, ರಕ್ತ ಪರೀಕ್ಷೆಯೂ ಸರಿಯಾಗಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದರು. ಮನೆಗೆ ಬಂದ ಮೇಲೆ ಅತ್ತೆ ಕೇಳಿದ್ದು ಒಂದೇ ಮಾತು: "ಇರೋ ನೋವನ್ನೇ ಇಲ್ಲ ಅಂದ್ರೆ, ಯಾರ ಹತ್ರ ಹೇಳ್ಕೊಳ್ಳಲಿ ಮಗಾ?"

ಆ ಮಾತು ನನ್ನನ್ನು ಬಿಡಲಿಲ್ಲ. ಗಾಯವೇ ಇಲ್ಲದ ಮೇಲೆ ನೋವು ಎಲ್ಲಿಂದ ಬರುತ್ತದೆ? ಓದುತ್ತಾ ಹೋದಾಗ ಮತ್ತೆ ಮತ್ತೆ ಒಂದು ಹೆಸರು ಎದುರಾಯಿತು. ಕ್ಲಿಫರ್ಡ್ ವೂಲ್ಫ್. ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗಿನಲ್ಲಿ ವೈದ್ಯಕೀಯ ಓದಿ, ಲಂಡನ್ನಿನಲ್ಲಿ ಸಂಶೋಧನೆ ಮಾಡಿ, ಈಗ ಬಹಳ ವರ್ಷಗಳಿಂದ ಅಮೆರಿಕದ ಬಾಸ್ಟನ್ನಿನಲ್ಲಿ ಕೆಲಸ ಮಾಡುತ್ತಿರುವ ವಿಜ್ಞಾನಿ. ಅತ್ತೆಯ ಪ್ರಶ್ನೆಗೆ ಉತ್ತರದ ಮುಖ್ಯ ಭಾಗ ಅವರ 1983ರ ಒಂದು ಪ್ರಯೋಗದಲ್ಲಿದೆ.

ಅದಕ್ಕೆ ಮೊದಲು ನಾವೆಲ್ಲ ನೋವನ್ನು ಹೇಗೆ ಅಂದುಕೊಂಡಿದ್ದೇವೆ ಅನ್ನುವುದನ್ನು ಸ್ವಲ್ಪ ನೋಡೋಣ. ಫ್ರೆಂಚ್ ಚಿಂತಕ ಡೆಕಾರ್ಟ್ ಬರೆದು, ಅವರು ತೀರಿಹೋದ ಮೇಲೆ 1660ರ ದಶಕದಲ್ಲಿ ಅಚ್ಚಾದ ಪುಸ್ತಕದಲ್ಲಿ ಒಂದು ಚಿತ್ರ ಇದೆ. ಬೆಂಕಿಯ ಪಕ್ಕ ಕಾಲಿಟ್ಟ ಒಬ್ಬ ಹುಡುಗ. ಕಾಲಿನಿಂದ ತಲೆಗೆ ಒಂದು ದಾರ. ಗುಡಿಯ ಗಂಟೆಯ ಹಗ್ಗ ಇದ್ದ ಹಾಗೆ. ಕೆಳಗೆ ಎಳೆದರೆ ಮೇಲೆ ಬಾರಿಸುತ್ತದೆ. ಜಾಸ್ತಿ ಎಳೆದರೆ ಜಾಸ್ತಿ ಸದ್ದು, ಎಳೆಯದಿದ್ದರೆ ಸದ್ದೇ ಇಲ್ಲ. ಇವತ್ತಿಗೂ ನಮ್ಮಲ್ಲಿ ಬಹಳ ಜನ, ಎಷ್ಟೋ ವೈದ್ಯರು ಕೂಡ, ಮನಸ್ಸಿನ ಒಳಗೆ ಇದೇ ಚಿತ್ರ ಇಟ್ಟುಕೊಂಡಿದ್ದೇವೆ. ಅದಕ್ಕೇ ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ ನೋವಿಲ್ಲ ಅಂತ ತೀರ್ಮಾನ ಮಾಡಿಬಿಡುತ್ತೇವೆ.

ಈ ಚಿತ್ರವನ್ನು ಮೊದಲು ಜೋರಾಗಿ ಅಲುಗಾಡಿಸಿದವರು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್. 1965ರಲ್ಲಿ ಅವರು ಹೇಳಿದ್ದು ಇಷ್ಟು: ಬೆನ್ನುಹುರಿ ಸುಮ್ನೆ ಹಗ್ಗ ಅಲ್ಲ, ಅಲ್ಲೊಂದು ಬಾಗಿಲಿದೆ. ನೋವಿನ ಸುದ್ದಿಯನ್ನು ಎಷ್ಟು ಒಳಗೆ ಬಿಡಬೇಕು ಅಂತ ಆ ಬಾಗಿಲು ನೋಡಿಕೊಳ್ಳುತ್ತದೆ. ಮೊಣಕಾಲು ಮಂಚಕ್ಕೆ ಬಡಿದಾಗ ತಕ್ಷಣ ಕೈ ಹೋಗಿ ಉಜ್ಜುತ್ತದಲ್ವಾ? ಉಜ್ಜಿದಾಗ ಸ್ಪರ್ಶದ ನರಗಳು ಎಚ್ಚರಗೊಂಡು ಆ ಬಾಗಿಲನ್ನು ಸ್ವಲ್ಪ ಮುಚ್ಚುತ್ತವೆ. ಫಿಸಿಯೋಥೆರಪಿಯಲ್ಲಿ ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣಗೆ ಕರೆಂಟ್ ಕೊಡುವ ಟೆನ್ಸ್ ಯಂತ್ರದ ಹಿಂದೆ ಇರುವುದೂ ಇದೇ ಯೋಚನೆ. ವಿವರಗಳಲ್ಲಿ ಈ ಸಿದ್ಧಾಂತ ಮುಂದೆ ಬದಲಾಯಿತು. ಆದರೆ ನೋವನ್ನು ಹೆಚ್ಚು ಕಡಿಮೆ ಮಾಡುವ ಕೆಲಸ ಬೆನ್ನುಹುರಿಯ ಒಳಗೇ ನಡೆಯುತ್ತದೆ ಅನ್ನುವ ಮಾತು ಉಳಿಯಿತು. ಇದೇ ವಾಲ್ ಅವರ ಪ್ರಯೋಗಾಲಯಕ್ಕೆ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ, ವೂಲ್ಫ್ ಬಂದರು.

ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ

ವೂಲ್ಫ್ ನೋಡುತ್ತಿದ್ದದ್ದು ಒಂದು ಸರಳ ಪ್ರತಿಕ್ರಿಯೆಯನ್ನು. ಮುಳ್ಳು ಚುಚ್ಚಿದರೆ ಯೋಚನೆ ಮಾಡುವ ಮೊದಲೇ ಕಾಲು ಹಿಂದಕ್ಕೆ ಬರುತ್ತದೆ. ಈ ಕೆಲಸಕ್ಕೆ ಮಿದುಳಿನ ಅಪ್ಪಣೆ ಬೇಕಾಗಿಲ್ಲ, ಬೆನ್ನುಹುರಿಯೇ ಸಾಕು. ಹಾಗಾಗಿ ಕಾಲನ್ನು ಹಿಂದಕ್ಕೆ ಎಳೆಯುವ ಸ್ನಾಯುವಿಗೆ ಹೋಗುವ ನರದಲ್ಲಿ ಏನು ನಡೆಯುತ್ತಿದೆ ಅಂತ ಅಳೆದರೆ, ಬೆನ್ನುಹುರಿ ನೋವಿನ ಸುದ್ದಿಯನ್ನು ಹೇಗೆ ಓದುತ್ತಿದೆ ಅನ್ನುವುದು ಗೊತ್ತಾಗುತ್ತದೆ. ಮಿದುಳಿನ ಮೇಲ್ಭಾಗದ ಸಂಪರ್ಕ ಇಲ್ಲದ, ಪ್ರಜ್ಞೆ ಇಲ್ಲದ ಇಲಿಗಳಲ್ಲಿ ಅವರು ಒಂದೊಂದೇ ನರಕೋಶದ ಮಿಡಿತವನ್ನು ದಾಖಲಿಸುತ್ತಿದ್ದರು.

ಶುರುವಿನಲ್ಲಿ ಎಲ್ಲ ನಿರೀಕ್ಷೆಯ ಹಾಗೇ ಇತ್ತು. ಬೆರಳನ್ನು ಜೋರಾಗಿ ಚಿವುಟಿದರೆ ಮಾತ್ರ ನರಕೋಶ ಮಿಡಿಯುತ್ತಿತ್ತು. ಮೆಲ್ಲಗೆ ಮುಟ್ಟಿದರೆ ಸುಮ್ಮನಿರುತ್ತಿತ್ತು. ಪಾದದ ಬೇರೆ ಕಡೆ ಮುಟ್ಟಿದರೂ ಅಷ್ಟೇ.

ಆದರೆ ದಿನ ಏರುತ್ತಾ ಹೋದ ಹಾಗೆ ಲೆಕ್ಕ ತಪ್ಪತೊಡಗಿತು. ಅದೇ ಪ್ರಾಣಿಯಲ್ಲಿ ಸಂಜೆಯ ಹೊತ್ತಿಗೆ ಸಿಗುತ್ತಿದ್ದ ನರಕೋಶಗಳ ಗುಣವೇ ಬೇರೆ. ಅವು ಹಗುರ ಸ್ಪರ್ಶಕ್ಕೂ ಮಿಡಿಯುತ್ತಿದ್ದವು. ಒಂದು ಬೆರಳಿಗೆ ಸೀಮಿತವಾಗಿದ್ದ ಜಾಗ ಪಾದದ ತುಂಬ ಹರಡಿಕೊಂಡಿರುತ್ತಿತ್ತು. ಇಂಥ ಫಲಿತಾಂಶ ಬಂದರೆ ಎಷ್ಟೋ ಜನ ಇದು ಯಂತ್ರದ ದೋಷ ಅಂತ ಬದಿಗಿಟ್ಟುಬಿಡುತ್ತಾರೆ. ವೂಲ್ಫ್ ಬಿಡಲಿಲ್ಲ. ಬೆಳಿಗ್ಗೆಗೂ ಸಂಜೆಗೂ ನಡುವೆ ಬದಲಾದದ್ದು ಏನು? ಬದಲಾದದ್ದು ಒಂದೇ: ಪರೀಕ್ಷೆಗೆ ಅಂತ ಇಡೀ ದಿನ ಆ ಪಾದವನ್ನು ಅವರೇ ಮತ್ತೆ ಮತ್ತೆ ಚಿವುಟಿದ್ದರು, ಬಿಸಿ ಮುಟ್ಟಿಸಿದ್ದರು. ಅಷ್ಟಕ್ಕೇ ಅಲ್ಲಿ ಸಣ್ಣಗೆ ಬಾವು ಬಂದಿತ್ತು. ಅಳೆಯುವ ಕೆಲಸವೇ ಅಳತೆಯನ್ನು ಬದಲಿಸಿತ್ತು.

ಈ ಗಳಿಗೆ ನನಗೆ ಬಹಳ ಇಷ್ಟ. ತನ್ನ ಪ್ರಯೋಗದ ಅಡಚಣೆಯೇ ತಾನು ಹುಡುಕಬೇಕಾದ ವಿಷಯ ಅಂತ ಗುರುತಿಸಲು ತುಂಬ ತಾಳ್ಮೆ ಬೇಕು.

ಮುಂದಿನ ಪ್ರಶ್ನೆ: ಬದಲಾದದ್ದು ಪಾದದಲ್ಲೋ ಅಥವಾ ಬೆನ್ನುಹುರಿಯಲ್ಲೋ? ಬಾವು ಬಂದ ಜಾಗದಲ್ಲಿ ನರದ ತುದಿಗಳು ಚುರುಕಾಗುತ್ತವೆ ಅನ್ನುವುದು ಆಗಲೇ ಗೊತ್ತಿತ್ತು. ಅಷ್ಟೇ ಆಗಿದ್ದರೆ ಇದರಲ್ಲಿ ಹೊಸದೇನೂ ಇರುತ್ತಿರಲಿಲ್ಲ. ಹಾಗಾಗಿ ಅವರು ಬೇಕೆಂದೇ ಪಾದದ ಒಂದು ಜಾಗಕ್ಕೆ ಸುಟ್ಟಗಾಯ ಮಾಡಿದರು. ಪ್ರತಿಕ್ರಿಯೆ ತೀವ್ರವಾಯಿತು. ಆಮೇಲೆ ಆ ಗಾಯಕ್ಕೇ ಮರಗಟ್ಟಿಸುವ ಔಷಧ ಚುಚ್ಚಿದರು. ಈಗ ಗಾಯದಿಂದ ಬೆನ್ನುಹುರಿಗೆ ಯಾವ ಸುದ್ದಿಯೂ ಹೋಗುತ್ತಿಲ್ಲ. ಗಂಟೆಯ ಹಗ್ಗವನ್ನೇ ಕತ್ತರಿಸಿದ ಹಾಗೆ. ಡೆಕಾರ್ಟ್ ಚಿತ್ರ ಸರಿಯಾಗಿದ್ದರೆ ಎಲ್ಲವೂ ಮೊದಲಿನಂತೆ ಆಗಬೇಕಿತ್ತು. ಆಗಲಿಲ್ಲ. ಬೆನ್ನುಹುರಿಯ ತೀವ್ರತೆ ಹಾಗೇ ಮುಂದುವರಿಯಿತು.

ಅಂದರೆ ಗಾಯ ಸುದ್ದಿ ಕಳಿಸಿದ್ದಷ್ಟೇ ಅಲ್ಲ, ಸುದ್ದಿ ಓದುವವರನ್ನೇ ಬದಲಾಯಿಸಿತ್ತು. 1983ರಲ್ಲಿ ನೇಚರ್ ಪತ್ರಿಕೆಯಲ್ಲಿ ಮೂರು ಪುಟದ ಈ ವರದಿ ಬಂತು. ಲೇಖಕರ ಜಾಗದಲ್ಲಿ ಇದ್ದದ್ದು ವೂಲ್ಫ್ ಹೆಸರು ಒಂದೇ. ಈ ಬದಲಾವಣೆಗೆ ಮುಂದೆ ಸೆಂಟ್ರಲ್ ಸೆನ್ಸಿಟೈಸೇಶನ್ ಅನ್ನುವ ಹೆಸರು ನಿಂತಿತು. ಕನ್ನಡದಲ್ಲಿ ಹೇಳುವುದಾದರೆ, ನೋವಿನ ಸುದ್ದಿಯನ್ನು ಓದುವ ಬೆನ್ನುಹುರಿ ಮತ್ತು ಮಿದುಳು ತಾವೇ ಅತಿಯಾಗಿ ಚುರುಕಾಗಿಬಿಡುವುದು.

ಹಸಿಮೆಣಸಿನಕಾಯಿಯ ಎರಡು ವೃತ್ತ

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಅಡುಗೆಮನೆಯಲ್ಲೇ ಒಂದು ದಾರಿ ಇದೆ. ಉಪ್ಪಿನಕಾಯಿಗೆ ಅಂತ ಒಂದು ಕೇಜಿ ಹಸಿಮೆಣಸಿನಕಾಯಿ ಹೆಚ್ಚಿದ ದಿನ ಕೈ ಉರಿಯುತ್ತದೆ. ಆ ಸಂಜೆ ಉಗುರುಬೆಚ್ಚಗಿನ ನೀರಿಗೆ ಕೈ ಇಟ್ಟರೆ ಕುದಿಯುವ ನೀರಿಗೆ ಇಟ್ಟ ಹಾಗಾಗುತ್ತದೆ, ಅಲ್ವಾ?

ಕಾರಣ ಹೀಗೆ. ನಮ್ಮ ನೋವಿನ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಅನ್ನುವ ಒಂದು ಪುಟ್ಟ ಬಾಗಿಲಿದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅದು ತೆರೆದುಕೊಳ್ಳುತ್ತದೆ. ಮೆಣಸಿನಕಾಯಿಯ ಖಾರದ ಅಂಶ ಕ್ಯಾಪ್ಸೈಸಿನ್ ಕೂಡ ಇದೇ ಬಾಗಿಲನ್ನು ತೆರೆಯುತ್ತದೆ. ಅದಕ್ಕೇ ಖಾರ ನಮಗೆ ಉರಿಯಾಗಿ, ಬಿಸಿಯಾಗಿ ಅನ್ನಿಸುವುದು. ಕ್ಯಾಪ್ಸೈಸಿನ್ ಇದ್ದಾಗ ಬಾಗಿಲು ಇನ್ನೂ ಕಡಿಮೆ ಶಾಖಕ್ಕೇ ತೆರೆಯುತ್ತದೆ. ಬೆಚ್ಚಗಿನ ನೀರು ಸುಡುವುದು ಹಾಗಾಗಿಯೇ. ಅಮೆರಿಕದ ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಇದನ್ನು ಕಂಡುಹಿಡಿಯಿತು. 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿತು.

ಇಲ್ಲಿಯವರೆಗೆ ನಡೆದದ್ದೆಲ್ಲ ಚರ್ಮದಲ್ಲಿ. ಈಗ ಇನ್ನೊಂದು ಹೆಜ್ಜೆ. ಕ್ಯಾಪ್ಸೈಸಿನ್ ಅನ್ನು ಒಬ್ಬರ ಮುಂಗೈಗೆ ಚುಚ್ಚಿದರೆ ಎರಡು ವೃತ್ತ ಕಾಣುತ್ತವೆ. ಒಳಗಿನ ಚಿಕ್ಕ ವೃತ್ತದಲ್ಲಿ ಬಿಸಿ ಮುಟ್ಟಿಸಿದರೆ ನೋವು. ಅದು ಔಷಧ ಬಿದ್ದ ಜಾಗ. ಅದರ ಸುತ್ತ ಬಹಳ ದೊಡ್ಡ ಇನ್ನೊಂದು ವೃತ್ತ. ಅಲ್ಲಿ ಕ್ಯಾಪ್ಸೈಸಿನ್ ಇಲ್ಲವೇ ಇಲ್ಲ, ಚರ್ಮಕ್ಕೆ ಏನೂ ಆಗಿಲ್ಲ. ಆದರೂ ಅಲ್ಲಿ ಹತ್ತಿಯಿಂದ ಸವರಿದರೆ ನೋವಾಗುತ್ತದೆ. ಈ ಹೊರಗಿನ ವೃತ್ತ ಹುಟ್ಟುವುದು ಬೆನ್ನುಹುರಿಯಲ್ಲಿ.

ಅಮೆರಿಕ ಮತ್ತು ಸ್ವೀಡನ್‌ನ ಸಂಶೋಧಕರು 1990ರ ದಶಕದ ಶುರುವಿನಲ್ಲಿ ಇದನ್ನು ಮನುಷ್ಯರಲ್ಲೇ ಚೆನ್ನಾಗಿ ತೋರಿಸಿದರು. ಎಚ್ಚರವಾಗಿರುವ ವ್ಯಕ್ತಿಯ ನರದೊಳಗೆ ಸೂಜಿಯಷ್ಟು ಸಣ್ಣ ತಂತಿ ಇಟ್ಟು, ಸ್ಪರ್ಶವನ್ನು ಮಾತ್ರ ಸಾಗಿಸುವ ಎಳೆಗೆ ಸಣ್ಣ ಕರೆಂಟ್ ಕೊಟ್ಟರು. ಯಾರೋ ಮುಟ್ಟಿದ ಹಾಗಾಯಿತು ಅಂದರು ಅವರು. ಆಮೇಲೆ ಹತ್ತಿರದಲ್ಲಿ ಕ್ಯಾಪ್ಸೈಸಿನ್ ಚುಚ್ಚಿ, ಅದೇ ಎಳೆಗೆ ಅಷ್ಟೇ ಕರೆಂಟ್ ಕೊಟ್ಟರು. ಈಗ ನೋವಾಯಿತು ಅಂದರು. ಎಳೆ ಅದೇ, ಕರೆಂಟ್ ಅಷ್ಟೇ. ಬೆನ್ನುಹುರಿ ಅದನ್ನು ಓದಿಕೊಂಡ ರೀತಿ ಮಾತ್ರ ಬೇರೆ.

ಅತ್ತೆಯ ಸೆರಗು ನೆನಪಾಯಿತೇ? ಸರ್ಪಸುತ್ತಿನ ವೈರಸ್ ನರಗಳಿಗೇ ಪೆಟ್ಟು ಕೊಡುತ್ತದೆ. ಪೆಟ್ಟು ತಿಂದ ನೋವಿನ ಎಳೆಗಳು ವಾರಗಟ್ಟಲೆ ಬೆನ್ನುಹುರಿಯನ್ನು ಕೆರಳಿಸುತ್ತವೆ. ಆಮೇಲೆ ಚರ್ಮ ಮಾಗಿದರೂ ಬೆನ್ನುಹುರಿ ಮೊದಲಿನ ಹಾಗಿಲ್ಲ. ಸೆರಗಿನ ಸ್ಪರ್ಶವನ್ನು ತಂದುಕೊಟ್ಟದ್ದು ಸ್ಪರ್ಶದ ಎಳೆಯೇ. ಅದು ತಲುಪಿದ ಕಡೆ ಮಾತ್ರ ನೋವು ಅಂತ ದಾಖಲಾಯಿತು.

ಬೆನ್ನುಹುರಿ ಹೇಗೆ ಕಲಿಯುತ್ತದೆ

ನೋವಿನ ನರದ ತುದಿಯಿಂದ ಬೆನ್ನುಹುರಿಯ ಕೋಶಕ್ಕೆ ಸುದ್ದಿ ದಾಟುವುದು ಗ್ಲುಟಮೇಟ್ ಅನ್ನುವ ರಾಸಾಯನಿಕದ ಮೂಲಕ. ಅದನ್ನು ಬರಮಾಡಿಕೊಳ್ಳಲು ಆ ಕಡೆ ಎರಡು ಮುಖ್ಯ ಬಗೆಯ ಬಾಗಿಲುಗಳಿವೆ. ಒಂದು ದಿನನಿತ್ಯದ್ದು, ತಕ್ಷಣ ತೆರೆದು ಮುಚ್ಚುತ್ತದೆ. ಇನ್ನೊಂದರ ಹೆಸರು ಎನ್‌ಎಂಡಿಎ. ಈ ಬಾಗಿಲಿನ ಬಾಯಿಗೆ ಮಾಮೂಲಿಯಾಗಿ ಮೆಗ್ನೀಸಿಯಂ ಬಿರಡೆ ಹಾಕಿದಂತೆ ಕೂತಿರುತ್ತದೆ. ಸಣ್ಣಪುಟ್ಟ ಸುದ್ದಿಗೆ ಬಿರಡೆ ಅಲುಗಾಡುವುದಿಲ್ಲ. ಸುದ್ದಿ ಎಡೆಬಿಡದೆ ಬರುತ್ತಿದ್ದರೆ ಮಾತ್ರ ಹಾರಿಹೋಗುತ್ತದೆ. ಆಗ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಅಲ್ಲಿಂದ ಸರಪಳಿಯ ಹಾಗೆ ಬದಲಾವಣೆಗಳು ಶುರುವಾಗುತ್ತವೆ. ಬಾಗಿಲುಗಳ ಸಂಖ್ಯೆ ಹೆಚ್ಚುತ್ತದೆ, ಇರುವ ಬಾಗಿಲುಗಳು ಸಲೀಸಾಗಿ ತೆರೆಯುತ್ತವೆ, ದುರ್ಬಲವಾಗಿದ್ದ ಸಂಪರ್ಕಗಳು ಬಲವಾಗುತ್ತವೆ. ಈ ಎನ್‌ಎಂಡಿಎ ಬಾಗಿಲನ್ನು ಮುಚ್ಚಿದರೆ ತೀವ್ರತೆ ಹುಟ್ಟುವುದೂ ಇಲ್ಲ, ಉಳಿಯುವುದೂ ಇಲ್ಲ ಅಂತ 1991ರಲ್ಲಿ ವೂಲ್ಫ್ ಮತ್ತು ಸ್ಟೀಫನ್ ಥಾಂಪ್ಸನ್ ತೋರಿಸಿದರು.

ಮಿದುಳಿನಲ್ಲಿ ನೆನಪು ಮೂಡುವಾಗಲೂ ಬಹುಮಟ್ಟಿಗೆ ಹೀಗೇ ಆಗುತ್ತದೆ. ಮಗ್ಗಿ ಬಾಯಿಪಾಠ ಆಗುವುದಕ್ಕೂ ನೋವು ಬೇರೂರುವುದಕ್ಕೂ ಬಳಕೆಯಾಗುವ ಸಾಮಾನು ಒಂದೇ.

ಇದು ಎಷ್ಟು ಸುಲಭವಾಗಿ ಆಗುತ್ತದೆ ಅನ್ನುವುದು ನನ್ನನ್ನು ಬೆಚ್ಚಿಬೀಳಿಸಿತು. ವಾಲ್ ಮತ್ತು ವೂಲ್ಫ್ ಇಲಿಯ ನರಕ್ಕೆ ಸೆಕೆಂಡಿಗೆ ಒಂದರಂತೆ ಕೇವಲ 20 ಸೆಕೆಂಡು ಕರೆಂಟ್ ಕೊಟ್ಟರು. ಅದು ಚರ್ಮದ ನರವಾಗಿದ್ದರೆ ಬೆನ್ನುಹುರಿ ಕೆಲವು ನಿಮಿಷ ಮಾತ್ರ ಕೆರಳಿರುತ್ತಿತ್ತು. ಸ್ನಾಯುವಿನ ನರವಾಗಿದ್ದರೆ ಒಂದು ಗಂಟೆಗೂ ಮೀರಿ. ಕೈ ಕುಯ್ದುಕೊಂಡ ನೋವು ಬೇಗ ಮರೆತುಹೋಗಿ, ಸೊಂಟ ಉಳುಕಿದ ನೋವು ಸುತ್ತಲೂ ಹರಡಿ ದಿನಗಟ್ಟಲೆ ಕಾಡುವುದಕ್ಕೂ ಇದಕ್ಕೂ ನಂಟಿದೆ ಅಂತ ನನಗನ್ನಿಸುತ್ತದೆ.

ಈ ತೀವ್ರತೆ ಮೂಲತಃ ಕೆಟ್ಟದ್ದಲ್ಲ. ಮುರಿದ ಕಾಲನ್ನು ಅಲುಗಾಡಿಸದೆ, ಸುಟ್ಟ ಜಾಗಕ್ಕೆ ಏನೂ ತಾಗದಂತೆ ಕಾಪಾಡಲು ದೇಹ ಹೂಡಿದ ಉಪಾಯ ಇದು. ಗಾಯ ಮಾಗಿದಂತೆ ಸಾಮಾನ್ಯವಾಗಿ ಇದೂ ಇಳಿಯುತ್ತದೆ. ಕೆಲವರಲ್ಲಿ ಇಳಿಯುವುದಿಲ್ಲ. ನರಕ್ಕೇ ಪೆಟ್ಟಾಗಿದ್ದರೆ ಬೆನ್ನುಹುರಿಯ ಮೈಕ್ರೋಗ್ಲಿಯಾ ಅನ್ನುವ ಕಾವಲು ಕೋಶಗಳು ಎಚ್ಚೆತ್ತು ಉರಿಗೆ ತುಪ್ಪ ಹಾಕುತ್ತವೆ. ನೋವನ್ನು ತಡೆಯುವ ಕೋಶಗಳ ಹಿಡಿತ ಸಡಿಲವಾಗುತ್ತದೆ. ಮಿದುಳಿನಿಂದ ಕೆಳಗಿಳಿದು ಬಂದು ನೋವನ್ನು ತಣಿಸುವ ದಾರಿಗಳೂ ಇವೆ, ಅವು ಸೊರಗುತ್ತವೆ. ನಿದ್ದೆಗೆಟ್ಟರೆ, ಆತಂಕ ಜಾಸ್ತಿಯಾದರೆ ಅವು ಇನ್ನಷ್ಟು ಸೊರಗುತ್ತವೆ. ಹಾಗಂತ ನೋವು ಮನಸ್ಸಿನ ಕಲ್ಪನೆ ಅಂತಲ್ಲ. ಇಲಿಯ ಬೆನ್ನುಹುರಿಗೆ ಕಲ್ಪನೆ ಎಲ್ಲಿಂದ ಬರಬೇಕು?

ಮೂರು ತಿಂಗಳಿಗಿಂತ ಹೆಚ್ಚು ಕಾಲ ಇರುವ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲದ ನೋವು ಅನ್ನುತ್ತಾರೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಇದಕ್ಕೆ ಬೇರೆಯದೇ ಜಾಗ ಕೊಟ್ಟಿದೆ. ಅಂದರೆ ಬೇರೆ ಕಾಯಿಲೆಯ ಲಕ್ಷಣ ಆಗಿರಬಹುದಾದ ಹಾಗೆ ನೋವೇ ಒಂದು ಕಾಯಿಲೆಯೂ ಆಗಿರಬಹುದು. ಸ್ಕ್ಯಾನ್ ಯಾಕೆ ಇದನ್ನು ಹಿಡಿಯಲಾರದು ಅನ್ನುವುದಕ್ಕೆ ಒಂದು ಲೆಕ್ಕ ನೋಡಿ. ಬೆನ್ನುನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ 2015ರಲ್ಲಿ ಪ್ರಕಟಿಸಿದ ಒಂದು ವಿಶ್ಲೇಷಣೆಯ ಪ್ರಕಾರ, ಇಪ್ಪತ್ತರ ವಯಸ್ಸಿನವರಲ್ಲೇ ಶೇಕಡ 37 ಮಂದಿಗೆ ಡಿಸ್ಕ್ ಸವೆತ ಇತ್ತು. ಎಂಬತ್ತರವರಲ್ಲಿ ಶೇಕಡ 96. ಇವರಿಗೆಲ್ಲ ಸವೆತ ಇದೆ, ನೋವಿಲ್ಲ. ಅತ್ತ ನೋವಿದ್ದು ಸವೆತ ಇಲ್ಲದವರೂ ಇದ್ದಾರೆ. ಬೆನ್ನುಹುರಿಯ ಕೋಶ ಎಷ್ಟು ಕೆರಳಿದೆ ಅಂತ ಆಸ್ಪತ್ರೆಯಲ್ಲಿ ತೋರಿಸುವ ಸ್ಕ್ಯಾನ್ ಇನ್ನೂ ಬಂದಿಲ್ಲ.

ಫಿಟ್ಸ್ ಮಾತ್ರೆ ಯಾಕೆ ಕೊಟ್ಟರು?

ಚಿಕಿತ್ಸೆಯ ಬಗ್ಗೆ ವೂಲ್ಫ್ ಬಹಳ ಹಿಂದಿನಿಂದ ಒತ್ತಿ ಹೇಳುತ್ತಿರುವುದು ಒಂದೇ. ನೋವು ಎಲ್ಲಿದೆ ಅಂತ ಕೇಳಿದರೆ ಸಾಲದು. ಅದು ಹೇಗೆ ಹುಟ್ಟುತ್ತಿದೆ ಅಂತ ಕೇಳಿ ಅದಕ್ಕೆ ತಕ್ಕ ಔಷಧ ಕೊಡಬೇಕು. ಸೊಂಟನೋವು ಅನ್ನುವ ಒಂದೇ ಹೆಸರಿನ ಕೆಳಗೆ ಬಾವಿನ ನೋವು, ನರ ಪೆಟ್ಟಾದ ನೋವು, ಕೆರಳಿದ ಬೆನ್ನುಹುರಿಯ ನೋವು ಮೂರೂ ಇರಬಹುದು. ಒಬ್ಬರಲ್ಲೇ ಎರಡು ಮೂರು ಸೇರಿಕೊಂಡಿರಬಹುದು.

ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳು ಬಾವಿನ ರಾಸಾಯನಿಕಗಳನ್ನು ತಗ್ಗಿಸುತ್ತವೆ. ಹಲ್ಲುನೋವಿಗೆ, ಉಳುಕಿಗೆ ಒಳ್ಳೆಯದು. ನರದ ನೋವಿಗೆ ಅವುಗಳಿಂದ ಆಗುವುದು ಬಹಳ ಕಡಿಮೆ. ಆದರೆ ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ. ನಮ್ಮ ಹಿರಿಯರು ಚೀಟಿ ಇಲ್ಲದೆ ಇವನ್ನು ದಿನವೂ ತೆಗೆದುಕೊಳ್ಳುವುದನ್ನು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ನರದ ನೋವಿಗೆ ವೈದ್ಯರು ಬರೆದುಕೊಡುವುದು ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್ ಥರದವು. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದರೆ ಮೊದಲೆರಡು ಫಿಟ್ಸ್ ಔಷಧ, ಉಳಿದೆರಡು ಖಿನ್ನತೆಯ ಔಷಧ ಅಂತ ಬರುತ್ತದೆ. ನನಗೇನು ಫಿಟ್ಸ್ ಇದೆಯಾ, ತಲೆ ಕೆಟ್ಟಿದೆಯಾ ಅಂತ ಜನ ಬೇಜಾರಾಗಿ ಮಾತ್ರೆ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಮೊದಲ ಎರಡು, ನರದ ತುದಿಯಿಂದ ಗ್ಲುಟಮೇಟ್‌ನಂಥ ರಾಸಾಯನಿಕ ಸುರಿಯುವುದನ್ನು ಕಡಿಮೆ ಮಾಡುತ್ತವೆ. ಉಳಿದೆರಡು, ಮಿದುಳಿನಿಂದ ಇಳಿದು ಬರುವ ತಣಿಸುವ ದಾರಿಗೆ ಬಲ ತುಂಬುತ್ತವೆ.

ಆದರೆ ಇವು ಎಲ್ಲರಿಗೂ ಕೆಲಸ ಮಾಡುವುದಿಲ್ಲ ಅನ್ನುವುದನ್ನೂ ಹೇಳಬೇಕು. ಸರ್ಪಸುತ್ತಿನ ನಂತರದ ನೋವಿಗೆ ಗ್ಯಾಬಪೆಂಟಿನ್ ಕೊಟ್ಟ ಪರೀಕ್ಷೆಗಳನ್ನು ಒಟ್ಟು ಮಾಡಿ ನೋಡಿದಾಗ, ನೋವು ಅರ್ಧದಷ್ಟಾದರೂ ಇಳಿದದ್ದು ಹತ್ತರಲ್ಲಿ ಮೂವರಿಗೆ. ಔಷಧವಿಲ್ಲದ ಖಾಲಿ ಮಾತ್ರೆ ತೆಗೆದುಕೊಂಡವರಲ್ಲಿ ಹತ್ತಕ್ಕೆ ಇಬ್ಬರಿಗಿಂತ ಕಡಿಮೆ. ತಲೆಸುತ್ತು, ತೂಕಡಿಕೆಯೂ ಇರುತ್ತದೆ. ಎನ್‌ಎಂಡಿಎ ಬಾಗಿಲನ್ನು ನೇರವಾಗಿ ಮುಚ್ಚುವ ಕೀಟಮಿನ್ ಇದೆ. ಆದರೆ ಅದೇ ಬಾಗಿಲು ಮಿದುಳಿನ ತುಂಬ ಇರುವುದರಿಂದ ಭ್ರಮೆ, ಗೊಂದಲ ಆಗುತ್ತದೆ. ಮಾರ್ಫಿನ್ ಜಾತಿಯ ಔಷಧ ಆಪರೇಷನ್ ಆದಾಗ, ಕ್ಯಾನ್ಸರ್ ನೋವಿನಲ್ಲಿ ಅಮೃತದಂಥದ್ದು. ಉಳಿದ ದೀರ್ಘ ನೋವುಗಳಿಗೆ ವರ್ಷಗಟ್ಟಲೆ ಕೊಟ್ಟರೆ ಮಾತ್ರ ಅದರ ಪರಿಣಾಮ ತಗ್ಗುತ್ತದೆ. ಕೆಲವರಲ್ಲಿ ಅದೇ ನೋವನ್ನು ಹೆಚ್ಚಿಸುತ್ತದೆ.

ನಡಿಗೆ, ವ್ಯಾಯಾಮ, ಒಳ್ಳೆಯ ನಿದ್ದೆ ಅಂದಾಗ ಜನ ಇದೇನು ಔಷಧವೇ ಅನ್ನುತ್ತಾರೆ. ಆದರೆ ಅವೂ ಇದೇ ನರಗಳ ಮೇಲೆ, ಇದೇ ತಣಿಸುವ ದಾರಿಗಳ ಮೇಲೆ ಕೆಲಸ ಮಾಡುತ್ತವೆ. ನಿಧಾನವಾಗಿ, ದಿನಕ್ಕಿಷ್ಟು ಅಂತ ಹೆಚ್ಚಿಸಬೇಕು. ನೋವಾದ ಕೂಡಲೇ ಮೈ ಹಾಳಾಗುತ್ತಿದೆ ಅಂತ ಹೆದರಬೇಕಾಗಿಲ್ಲ. ಚುರುಕಾದ ಬೆನ್ನುಹುರಿ ಇಲ್ಲದ ಅಪಾಯವನ್ನೂ ಅಪಾಯ ಅಂತ ಸಾರುತ್ತಿರುತ್ತದೆ.

ಹೊಸ ದಾರಿಗಳಲ್ಲಿ ನನಗೆ ಅತ್ಯಂತ ಜಾಣತನದ್ದು ಅನ್ನಿಸಿದ್ದು 2007ರಲ್ಲಿ ವೂಲ್ಫ್, ಬ್ರೂಸ್ ಬೀನ್ ಮತ್ತು ಅಲೆಕ್ಸಾಂಡರ್ ಬಿನ್‌ಷ್ಟಾಕ್ ಮಾಡಿದ್ದು. ಹಲ್ಲಿನ ವೈದ್ಯರು ಕೊಡುವ ಇಂಜೆಕ್ಷನ್ ನೋವಿನ ಜೊತೆ ಸ್ಪರ್ಶವನ್ನೂ ತುಟಿಯ ಚಲನೆಯನ್ನೂ ಮರಗಟ್ಟಿಸುತ್ತದೆ. ನೋವಿನ ನರವನ್ನು ಮಾತ್ರ ಮಲಗಿಸಲು ಆಗುತ್ತದೆಯೇ? ಕ್ಯೂಎಕ್ಸ್-314 ಅನ್ನುವ ಮರಗಟ್ಟಿಸುವ ಔಷಧ ಇದೆ. ಅದು ನರದ ಒಳಗೆ ಹೋದರೆ ಮಾತ್ರ ಕೆಲಸ ಮಾಡುತ್ತದೆ, ಆದರೆ ತಾನಾಗಿ ಒಳಗೆ ಹೋಗಲಾರದು. ಅವರು ಅದಕ್ಕೆ ಕ್ಯಾಪ್ಸೈಸಿನ್ ಸೇರಿಸಿದರು. ಮೆಣಸಿನಕಾಯಿಯ ಬಾಗಿಲು ನೋವಿನ ನರಗಳಲ್ಲಿ ಮಾತ್ರ ಇರುತ್ತದಲ್ಲ? ಆ ಬಾಗಿಲು ತೆರೆದಾಗ ಔಷಧ ಒಳಗೆ ನುಗ್ಗಿತು. ಇಲಿಗಳು ಮಾಮೂಲಿನಂತೆ ಓಡಾಡಿದವು, ಕಾಲಿಗೆ ಬಿಸಿ ತಾಗಿದರೆ ಮಾತ್ರ ಗೊತ್ತಾಗುತ್ತಿರಲಿಲ್ಲ. ಇದು ಇನ್ನೂ ಆಸ್ಪತ್ರೆಯ ಔಷಧವಾಗಿಲ್ಲ.

ಇನ್ನೊಂದು ದಾರಿ ಪಾಕಿಸ್ತಾನದಿಂದ ಶುರುವಾಯಿತು. ಅಲ್ಲಿನ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದ ನೋವೇ ಗೊತ್ತಿಲ್ಲದ ಮಕ್ಕಳಿದ್ದರು. ಒಬ್ಬ ಹುಡುಗ ಬೀದಿಯಲ್ಲಿ ಕೈಗೆ ಚಾಕು ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ತೋರಿಸುತ್ತಿದ್ದ. ಹದಿನಾಲ್ಕು ತುಂಬುವ ಮೊದಲೇ ಮನೆಯ ಸೂರಿನಿಂದ ಹಾರಿ ತೀರಿಹೋದ. ನೋವಿಲ್ಲದಿರುವುದು ಎಷ್ಟು ಅಪಾಯ ಅನ್ನುವುದು ಆ ಮಗುವನ್ನು ನೆನೆದರೆ ಗೊತ್ತಾಗುತ್ತದೆ. ಅವನ ಸಂಬಂಧಿಕರನ್ನು ಪರೀಕ್ಷಿಸಿದ ವಿಜ್ಞಾನಿಗಳು, ನೋವಿನ ನರದಲ್ಲಿ ಸೋಡಿಯಂ ಹಾದುಹೋಗುವ ನಾವ್1.7 ಅನ್ನುವ ಕಾಲುವೆ ಕೆಲಸ ಮಾಡುತ್ತಿಲ್ಲ ಅಂತ 2006ರಲ್ಲಿ ವರದಿ ಮಾಡಿದರು. ಅಲ್ಲಿಂದ ಈ ಕಾಲುವೆಗಳನ್ನು ಮುಚ್ಚುವ ಔಷಧದ ಹುಡುಕಾಟ ಜೋರಾಯಿತು. ಇದರ ಸೋದರ ಕಾಲುವೆ ನಾವ್1.8 ಅನ್ನು ಮುಚ್ಚುವ ಸುಜೆಟ್ರಿಜಿನ್ ಮಾತ್ರೆಗೆ 2025ರ ಜನವರಿಯಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದು ಮಾರ್ಫಿನ್ ಜಾತಿಗೆ ಸೇರಿದ್ದಲ್ಲ. ಆದರೆ ಒಪ್ಪಿಗೆ ಸಿಕ್ಕಿದ್ದು ಆಪರೇಷನ್ ನಂತರದಂಥ ತಾತ್ಕಾಲಿಕ ನೋವಿಗೆ. ಬೆನ್ನಿನಿಂದ ಕಾಲಿಗೆ ಇಳಿಯುವ ದೀರ್ಘ ನೋವಿನವರಲ್ಲಿ ಪರೀಕ್ಷಿಸಿದಾಗ ಖಾಲಿ ಮಾತ್ರೆಗಿಂತ ಹೆಚ್ಚೇನೂ ಆಗಲಿಲ್ಲ. ಆ ಪರೀಕ್ಷೆಯಲ್ಲಿ ಖಾಲಿ ಮಾತ್ರೆಯವರಿಗೂ ಸಾಕಷ್ಟು ನೋವು ಇಳಿದಿತ್ತು, ಹಾಗಾಗಿ ಅಷ್ಟರಿಂದಲೇ ತೀರ್ಮಾನಿಸುವುದು ಕಷ್ಟ.

ಇನ್ನೊಂದು ವಿಷಯ ಉಳಿಯಿತು. ನೋವು ಹುಟ್ಟುವ ಮೊದಲು ಮಾರ್ಫಿನ್ ಕೊಟ್ಟರೆ ಬಹಳ ಕಡಿಮೆ ಪ್ರಮಾಣ ಸಾಕು, ಬೆನ್ನುಹುರಿ ಕೆರಳಿದ ಮೇಲೆ ಕೊಟ್ಟರೆ ಬಹಳ ಜಾಸ್ತಿ ಬೇಕು ಅಂತ 1986ರಲ್ಲೇ ವೂಲ್ಫ್ ಮತ್ತು ವಾಲ್ ಇಲಿಗಳಲ್ಲಿ ಕಂಡಿದ್ದರು. ಮನುಷ್ಯರ ಆಪರೇಷನ್‌ಗಳಲ್ಲಿ ಇದರ ಫಲಿತಾಂಶ ಅಷ್ಟು ಸ್ಪಷ್ಟವಾಗಿ ಬರಲಿಲ್ಲ. ಒಂದು ಸಲ ಮೊದಲೇ ಕೊಟ್ಟರೆ ಸಾಲದು, ಗಾಯ ಆರುವವರೆಗೂ ತಡೆ ಇರಬೇಕು. ಆದರೂ ಬೇಗ ತಡೆಯಬೇಕು ಅನ್ನುವ ಯೋಚನೆ ಸರ್ಪಸುತ್ತಿಗೆ ಬೇರೆ ರೀತಿಯಲ್ಲಿ ಚೆನ್ನಾಗಿ ಹೊಂದುತ್ತದೆ.

ಅತ್ತೆಗೆ ಕೊನೆಗೆ ಒಂದು ನೋವಿನ ಕ್ಲಿನಿಕ್‌ನಲ್ಲಿ ರಾತ್ರಿಗೆ ಒಂದು ಸಣ್ಣ ಮಾತ್ರೆ, ಪಕ್ಕೆಗೆ ಅಂಟಿಸುವ ಲಿಡೋಕೇಯ್ನ್ ಪಟ್ಟಿ ಕೊಟ್ಟರು. ಆ ವೈದ್ಯೆ ಮೊದಲು ಮಾಡಿದ ಕೆಲಸ, ಒಂದು ಕಾಗದದ ಮೇಲೆ ಬೆನ್ನುಹುರಿಯ ಚಿತ್ರ ಬರೆದು ಸೆರಗು ಯಾಕೆ ಉರಿಯುತ್ತದೆ ಅಂತ ವಿವರಿಸಿದ್ದು. ಆರೇಳು ವಾರಕ್ಕೆ ನೋವು ಅರ್ಧಕ್ಕಿಳಿಯಿತು. ಪೂರ್ತಿ ಹೋಗಿಲ್ಲ. ಹಳೆಯ ಮೆತ್ತನೆಯ ಹತ್ತಿ ಸೀರೆ ಉಡುತ್ತಾರೆ, ಸೆರಗನ್ನು ಬಲಗಡೆಗೆ ಸುತ್ತಿ ಸಿಕ್ಕಿಸಿಕೊಳ್ಳುತ್ತಾರೆ. ಆ ಕಾಗದ ಇನ್ನೂ ಅವರ ದೇವರ ಮನೆಯ ಪಂಚಾಂಗದೊಳಗಿದೆ.

ಕೆಮ್ಮಣ್ಣು ಹಚ್ಚಿಕೊಂಡು ನಾವು ಕಳೆದ ಆ ಮೊದಲ ವಾರ ಈಗಲೂ ನನ್ನನ್ನು ಚುಚ್ಚುತ್ತದೆ. ಸರ್ಪಸುತ್ತಿನ ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ವಿರುದ್ಧದ ಮಾತ್ರೆ ಶುರುಮಾಡಿದರೆ ಗುಳ್ಳೆಯೂ ಆ ದಿನಗಳ ನೋವೂ ಬೇಗ ತಗ್ಗುತ್ತವೆ. ಐವತ್ತು ದಾಟಿದವರಿಗೆ ಇದರ ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ. ಸರ್ಪಸುತ್ತು ಬರುವುದನ್ನೇ ಅದು ಬಹುಪಾಲು ತಡೆಯುತ್ತದೆ, ಹಾಗಾಗಿ ಅದರ ಹಿಂದೆ ಬರುವ ನೋವನ್ನೂ. ಬೆಲೆ ಜಾಸ್ತಿ, ಎರಡು ಡೋಸ್ ಬೇಕು. ಮನೆಯಲ್ಲಿ ಹಿರಿಯರಿದ್ದರೆ ಮುಂದಿನ ಸಲ ವೈದ್ಯರ ಹತ್ತಿರ ಹೋದಾಗ ಒಮ್ಮೆ ಕೇಳಿ. ಪಕ್ಕೆಯಲ್ಲೋ ಹಣೆಯಲ್ಲೋ ಒಂದೇ ಬದಿಗೆ ಸಾಲಾಗಿ ಗುಳ್ಳೆ ಕಂಡರೆ ಅವತ್ತೇ ಕರೆದುಕೊಂಡು ಹೋಗಿ. ಕಣ್ಣಿನ ಹತ್ತಿರವಾಗಿದ್ದರೆ ಗಂಟೆಯೂ ಕಾಯಬೇಡಿ.